ಗೆರಿ

ಮೊದಲು ನೂರಾ ಇಪ್ಪತ್ತರ ಕಾಗದ.
ಅದು ಬೈಗುಳದಂಥದ್ದು, ಒರಟು, ಖರೇ ಮಾತಾಡ್ತದ.
ಕಾರಿನ ಇಂಜಿನ್ ಮ್ಯಾಲಿನ ಅಲ್ಯುಮಿನಿ ಮುಚ್ಚಳ
ತೊಡಿ ಮ್ಯಾಲ ಗೋಣಿತಟ್ಟು ಹಾಸಿ ಇಟ್ಕೊಂಡು
ಉದ್ದಕ್ಕ ತಿಕ್ಕತೀನಿ.
ಅಚ್ಚಿನಿಂದ ಬಂದ ಮರಳಿನ ಹುರುಪು ಹೋಗಬೇಕು,
ಯಾರೋ ಬಳದ ಬೆಳ್ಳಿ ಬಣ್ಣ ಹೋಗಬೇಕು,
ಮೂವತ್ತು ವರ್ಷದ ಎಣ್ಣಿ ಜಿಡ್ಡು,
ಘಾಸ್ಲೇಟಿಗೂ ಜಗ್ಗಲಾರದ್ದು, ಹೋಗಬೇಕು.

ಆಮ್ಯಾಲ ಇನ್ನೂರಾ ನಲವತ್ತು, ಅಡ್ಡಕ್ಕ.
ಉದ್ದನ ಗೆರಿ ಒಂದೂ ಕಾಣದಂಗ ಆಗೋತನಕ ಅಡ್ಡಕ್ಕ.
ಆಮ್ಯಾಲ ನಾಕನೂರು, ಮತ್ತ ಉದ್ದಕ್ಕ.
ನೋಡ್ರಿ, ಗೆರಿ ಅಳಿಸೋದಂತ ಇಲ್ಲವೇ ಇಲ್ಲ,
ದೊಡ್ಡ ಗೆರಿ ಮ್ಯಾಲ ಸಣ್ಣ ಗೆರಿ ಎಳೀತ ಹೋಗೋದು,
ಕಣ್ಣು ಸೋಲೋತನಕ.

ಇದು ನಾ ಗ್ಯಾರೇಜಿನಾಗ ಕಲತದ್ದಲ್ಲ.
ಹದಿನಾಕು ವರ್ಷ ಶಹಾಬಾದಿನ ಫರಸಿ ತಿಕ್ಕೀನಿ,
ಬೂದಿಬಣ್ಣದ ಕೆಸರಿನಾಗ ಕುಂತು.
ಆ ಕಲ್ಲು ನೀರು ಬಿದ್ದಾಗಷ್ಟೇ ಮೋಡದಂಗ ನೀಲಿ,
ಒಣಗಿದ ಕೂಡ್ಲೆ ಮಾರಿ ತಿರುವತದ.
ಮಷೀನ್ ಬಂತು. ಹತ್ತು ಹೆಂಗಸರ ಕೆಲಸ ಒಂದ ತಿಗರಿ ಮಾಡ್ತು.
ಒಂಬತ್ತು ಮಂದಿ ತೊಗರಿ ಕೊಯ್ಯಲಾಕ ಹ್ವಾದ್ರು,
ನಾ ರೈಲ್ವೆ ಗೇಟಿನ ಬಲ್ಲಿ ಲಾಡ್ಲೇಸಾಬನ ಗ್ಯಾರೇಜಿಗೆ ಬಂದು
“ತಿಕ್ಕೋದು ಏನರ ಅದ ಏನು?” ಅಂದೆ.
ಅಂವ ನಕ್ಕ. ತುಕ್ಕು ಹಿಡದ ಬಾಗಲದ ಹಿಡಿಕಿ ಒಂದು ಕೊಟ್ಟ.
ಸಂಜೀಕ ಅದರಾಗ ಅವನ ಹಲ್ಲು ಎಣಿಸಿ ತೋರಿಸಿದೆ.

ಎಂಟನೂರು, ಸಾವಿರ. ಈಗ ನೀರು ಬೇಕು.
ಎರಡ ಸಾವಿರದ್ದು ಮುಟ್ಟಿದ್ರ ಕಾಗದ ಅನ್ನಸೋದಿಲ್ಲ,
ನಾಕು ದಿನದ ಕರುವಿನ ನಾಲಿಗಿ.
ಅದರ ಸಪ್ಪಳ ಕೈಗೆ ಕೇಳಸತದ, ಕಿವಿಗಿಲ್ಲ.
ನಡುವ ಗೇಟ್ ಬೀಳತದ, ಗೂಡ್ಸ್ ಗಾಡಿ ಹೋಗತದ,
ಐವತ್ತೆಂಟು ಡಬ್ಬಿ ಎಣಿಸೋದ್ರಾಗ ಒಂದು ಮೂಲಿ ಮುಗೀತದ.

ಆಮ್ಯಾಲ ಪೇಸ್ಟು, ಹಳೇ ಧೋತ್ರದ ಅರಿವಿ.
ಲೋಹ ಬೆಳ್ಳಗಾಗತದ, ಅರಿವಿ ಕರ್ರಗಾಗತದ,
ಎಲ್ಲಿತ್ತು ಇಷ್ಟು ಕಪ್ಪು ಅಂತ ಕೇಳಬಾರದು.
ಕಡೀಕ ಒಂದು ಮುಟಗಿ ಜ್ವಾಳದ ಹಿಟ್ಟು, ಅರಿವ್ಯಾಗ ಸೋಸಿದ್ದು,
ಉಳದ ಜಿಡ್ಡೆಲ್ಲಾ ಹೀರತದ.
“ತಿನ್ನೋ ಹಿಟ್ಟು, ಜಗದೇವಿ!” ಅಂತಾನ ಲಾಡ್ಲೇಸಾಬ್.
ಅದಕ್ಕೂ ಹೊಟ್ಟಿ ಅದಲ್ಲ, ಅಂತೀನಿ.

ಆ ಹಿಟ್ಟು ಈ ತಿಂಗಳು ರೊಕ್ಕ ಕೊಟ್ಟು ತಂದದ್ದು.
ರೇಷನ್ ಅಂಗಡ್ಯಾಗ ಮಷೀನ್ ಮ್ಯಾಲ ಹೆಬ್ಬೆಟ್ಟು ಇಟ್ಟೆ.
ಕೆಂಪು ದೀಪ.
ಒರಸಿ ಇಟ್ಟೆ. ಎಡಗೈದು ಇಟ್ಟೆ. ಹತ್ತೂ ಬೆರಳು ಇಟ್ಟೆ
ದೇವರಿಗೆ ಹೂ ಏರಿಸಿದಂಗ.
“ಅಕ್ಕಾ, ನಿಮಗ ಗೆರಿನ ಇಲ್ಲ” ಅಂದ ಹುಡುಗ.
ಸಿಟ್ಟಿಲ್ಲ ಅವನಿಗೆ, ಗಾಬರಿ ಇತ್ತು.
ಹಿಂದ ಪಾಳಿ ನಿಂತವರು ನನ್ನ ಅಂಗೈ ಇಣುಕಿ ನೋಡಲತ್ತಿದ್ರು.
ನಾ ಏನ ಹೇಳಲಿ? ಕಲ್ಲಿಗೊಂದಿಷ್ಟು, ಹಿಡಿಕಿಗೊಂದಿಷ್ಟು,
ಎರಡ ಸಾವಿರದ ತನಕ ನಾನೂ ತಿಕ್ಕಿಸಿಕೊಂಡೀನಿ.

ಇವತ್ತು ಕಲಬುರಗಿಯಿಂದ ಕಾರಿನವರು ಬಂದ್ರು,
ಐವಾನ್ ಶಾಹಿ ಕಡಿಂದ ಡಾಕ್ಟರು, ಇಸ್ತ್ರಿ ಅಂಗಿ.
ಮುಚ್ಚಳ ಎತ್ತಿ ಹಿಡದು ಮೀಸಿ ನೋಡಿಕೊಂಡ್ರು.
ಮ್ಯಾಲಿನ ತಗಡು, ತಗಡಿನ ತೂತಿನಾಗಿನ ಬಿಸಲು
ಎಲ್ಲಾ ಅದರಾಗ ಇತ್ತು.
“ಕನ್ನಡಿ!” ಅಂದ್ರು. ವಾಪಸ್ ಇಟ್ರು.
ನಡುವ ಅವರ ಹೆಬ್ಬೆಟ್ಟು ಉಳದಿತ್ತು,
ಬಾವ್ಯಾಗ ಕಲ್ಲು ಒಗದಂಗ ಸುಳಿ ಸುಳಿ,
ಒಂದೊಂದು ಗೆರಿ ಎಣಿಸಬಹುದಿತ್ತು.

ಒರಸಬೇಕಂತ ಅರಿವಿ ತಗೊಂಡೆ.
ಯಾಕೋ, ಸುಮ್ಮ, ಅದರ ಬಾಜೂಕ ನಂದೂ ಒತ್ತಿದೆ.
ಒಂದು ಆವಿ ಚುಕ್ಕಿ. ಕೂಸು ಉಸರು ಬಿಟ್ಟಂಗ.
ಸುಳಿ ಇಲ್ಲ, ದಂಡಿ ಇಲ್ಲ.
ನೋಡತ ನೋಡತ ತಾನ ಹೋತು.
ಡಾಕ್ಟರದ್ದು ಹೋಗಲಿಲ್ಲ,
ಎರಡು ಸಲ ಒರಸಬೇಕಾತು.

ಬಾನೆಟ್ ಮುಚ್ಚಿದ್ರ ಯಾರ ನೋಡತಾರ ಇದನ್ನ?
ಆರು ತಿಂಗಳಿಗೆ ಕಾವು ತಿಂದು ಹಳದಿ ಆಗತದ,
“ಮತ್ತ ತರತಾರ ಬಿಡು” ಅಂತಾನ ಲಾಡ್ಲೇಸಾಬ್, ನೋಟು ಎಣಿಸಿಗೋತ.

ಸೋಮವಾರ ಮತ್ತ ರೇಷನ್ ಅಂಗಡಿಗೆ ಹೋಗಬೇಕು.
ಕಣ್ಣಿನ ಮಷೀನ್ ಬರ್ತದಂತ.
ಕಣ್ಣಿಗೆ ಇನ್ನೂ ಯಾರೂ ಕಾಗದ ಹಚ್ಚಿಲ್ಲ.